ಕುದುರೆಯ ಹಿಂದಿನ ತಂತಿ

ಜಾಝ್‌ಮಾಸ್ಟರ್. ಹೆಸರಿನಲ್ಲೇ ಜಾಝ್ ಇದೆ. ಆದರೆ ಜಾಝ್ ನುಡಿಸುವವರು ಈ ಎಲೆಕ್ಟ್ರಿಕ್ ಗಿಟಾರನ್ನು ಅಷ್ಟಾಗಿ ಹತ್ತಿರ ಸೇರಿಸಲಿಲ್ಲ. ಅಮೆರಿಕದ ಫೆಂಡರ್ ಕಂಪನಿ 1958ರಲ್ಲಿ ಇದನ್ನು ತಂದಾಗ, ತನ್ನದೇ ಇನ್ನೊಂದು ಗಿಟಾರ್ ಸ್ಟ್ರಾಟೊಕಾಸ್ಟರ್‌ಗಿಂತ ಜಾಸ್ತಿ ಬೆಲೆ ಇಟ್ಟಿತ್ತು. ಕೂತು ನುಡಿಸುವವರ ತೊಡೆಗೆ ಹೊಂದಲಿ ಅಂತ ಅದರ ಸೊಂಟವನ್ನು ಓರೆಯಾಗಿ ಕೊರೆದಿದ್ದರು. ಆದರೂ ಜಾಝ್‌ನವರು ತಮ್ಮ ಟೊಳ್ಳು ಮೈಯ ಗಿಟಾರ್‌ಗಳನ್ನು ಬಿಡಲಿಲ್ಲ. ಇದನ್ನು ಎತ್ತಿಕೊಂಡವರು 1960ರ ದಶಕದ ಸರ್ಫ್ ಬ್ಯಾಂಡ್‌ಗಳು, ಅಂದರೆ ಕಡಲಲೆ ಸವಾರಿಯ ಮೋಜಿನ ಸಂಗೀತ ನುಡಿಸುತ್ತಿದ್ದವರು. ಆ ಅಲೆ ಇಳಿದ ಮೇಲೆ ಕೇಳುವವರು ಕಡಿಮೆಯಾದರು. 1980ರ ಹೊತ್ತಿಗೆ ಕಂಪನಿ ಇದರ ತಯಾರಿಕೆಯನ್ನೇ ನಿಲ್ಲಿಸಿತು.

ಸರಿಯಾಗಿ ಅದೇ ಹೊತ್ತಿಗೆ ಇಂಡೀ ರಾಕ್‌ನವರು ಬಂದರು. ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಹಾಡು ಕಟ್ಟುತ್ತಿದ್ದ ಹುಡುಗ ಹುಡುಗಿಯರು. ಕೈಯಲ್ಲಿ ದುಡ್ಡಿಲ್ಲ. ಗಿರವಿ ಅಂಗಡಿಗಳಲ್ಲಿ ಹಳೆಯ ಜಾಝ್‌ಮಾಸ್ಟರ್‌ಗಳು ಅಗ್ಗಕ್ಕೆ ಸಿಗುತ್ತಿದ್ದವು. ಡೈನೋಸಾರ್ ಜೂನಿಯರ್ ತಂಡದ ಜೆ ಮ್ಯಾಸ್ಕಿಸ್‌ಗೆ ಬೇಕಾಗಿದ್ದು ಸ್ಟ್ರಾಟೊಕಾಸ್ಟರ್. ಕೈಗೆಟುಕಿದ್ದು ಜಾಝ್‌ಮಾಸ್ಟರ್. 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಸೋನಿಕ್ ಯೂತ್ ತಂಡದ ಥರ್ಸ್ಟನ್ ಮೂರ್, ಲೀ ರನಾಲ್ಡೊ ಕೂಡ ಇದನ್ನೇ ಹಿಡಿದರು.

ಅಗ್ಗಕ್ಕೆ ಸಿಕ್ಕಿತು, ಅದಕ್ಕೇ ಕೊಂಡರು ಅಂತ ಹೇಳಿ ಮುಗಿಸಬಹುದು. ಆದರೆ ಮುಂದೆ ಕೈಯಲ್ಲಿ ದುಡ್ಡು ಓಡಾಡಿದಾಗಲೂ ಇವರು ಇದನ್ನು ಬಿಡಲಿಲ್ಲ, ಅಲ್ವಾ? ಅದಕ್ಕೆ ಕಾರಣ ಈ ಗಿಟಾರಿನ ಭೌತವಿಜ್ಞಾನದಲ್ಲಿದೆ ಅನ್ನುವುದು ನನ್ನ ನಂಬಿಕೆ.

ತಂತಿಗಳು ಕೂರುವ ಬ್ರಿಡ್ಜನ್ನು ನೋಡಿ. ವೀಣೆಯವರು ಇದಕ್ಕೆ ಕುದುರೆ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಸ್ಟ್ರಾಟೊಕಾಸ್ಟರ್‌ನಲ್ಲಿ ತಂತಿ ಕುದುರೆ ದಾಟಿದ ಕೂಡಲೇ ಒಳಗೆ ಇಳಿದುಬಿಡುತ್ತದೆ. ಜಾಝ್‌ಮಾಸ್ಟರ್‌ನಲ್ಲಿ ಹಾಗಲ್ಲ. ಕುದುರೆ ದಾಟಿದ ಮೇಲೂ ಸುಮಾರು ಅರ್ಧ ಗೇಣು ತಂತಿ ಬರಿದೇ ಚಾಚಿಕೊಂಡಿರುತ್ತದೆ. ಅಲ್ಲಿ ಮೀಟಿದರೆ ಗಾಜಿನ ಗಂಟೆಯಂಥ ಸದ್ದು ಬರುತ್ತದೆ. ನಿಮ್ಮ ಮನೆಯಲ್ಲಿ ಎಂಥದೇ ಗಿಟಾರ್ ಇದ್ದರೂ, ತಲೆಯ ಕಡೆ, ಬಿರಡೆಗೂ ನಟ್‌ಗೂ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ನಡುವಿನ ತುಂಡು ತಂತಿಯನ್ನು ಸುಮ್ನೆ ಮೀಟಿ ನೋಡಿ. ಅದೇ ಜಾತಿಯ ಸದ್ದು.

ಲೆಕ್ಕ ಸರಳ. ಕುದುರೆಯ ಎರಡೂ ಕಡೆ ತಂತಿಯ ಬಿಗಿತ ಹೆಚ್ಚುಕಡಿಮೆ ಒಂದೇ. ಬಿಗಿತವೂ ದಪ್ಪವೂ ಒಂದೇ ಇದ್ದಾಗ, ಉದ್ದ ಕಡಿಮೆಯಾದಷ್ಟೂ ಕಂಪನ ಏರುತ್ತದೆ. ಈ ಗಿಟಾರಿನಲ್ಲಿ ಕುದುರೆಯ ಮುಂದಿನ, ಅಂದರೆ ನಟ್‌ನಿಂದ ಕುದುರೆಯವರೆಗಿನ, ತಂತಿಯ ಉದ್ದ 648 ಮಿಲಿಮೀಟರ್. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಸಲ ಅಲುಗುತ್ತದೆ. ಹಿಂದಿನ ತುಂಡು ಅದರ ಐದನೇ ಒಂದು ಭಾಗ ಅಂದುಕೊಳ್ಳಿ. ಅದು ಐದು ಪಟ್ಟು, ಅಂದರೆ 410 ಸಲ ಅಲುಗುತ್ತದೆ.

ಇನ್ನೂ ಸೊಗಸಾದ ಸಂಗತಿ ಇದೆ. ಮುಂದೆ ಯಾವುದಾದರೂ ತಂತಿಯಲ್ಲಿ ಆ 410ರ ಹತ್ತಿರದ ಸ್ವರ ನುಡಿಸಿದರೆ, ಯಾರೂ ಮುಟ್ಟದಿದ್ದರೂ ಹಿಂದಿನ ತುಂಡು ತಾನಾಗಿ ಎಚ್ಚೆತ್ತುಕೊಳ್ಳುತ್ತದೆ. ಇದು ಅನುರಣನ. ಸಿತಾರಿನ ತರಬ್ ತಂತಿಗಳು ದನಿಗೂಡಿಸುವುದೂ ಇದೇ ನಿಯಮದಿಂದ. ತಂತಿಯ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್ ಇರುವುದು ಮುಂದಿನ ತಂತಿಯ ಕೆಳಗೆ ಮಾತ್ರ. ಹಾಗಾಗಿ ಹಿಂದಿನ ತುಂಡಿನ ನಡುಕ ಕುದುರೆಯನ್ನು ದಾಟಿ ಮುಂದಿನ ತಂತಿಗೆ ಬಂದು, ಅಲ್ಲಿಂದ ಆಂಪ್ಲಿಫೈಯರ್‌ಗೆ ಹೋಗಬೇಕು. ಆಂಪ್ ಜೋರಾಗಿದ್ದರೆ ಆ ಸಣ್ಣ ನಡುಕವೂ ದೊಡ್ಡದಾಗಿ ಕೇಳುತ್ತದೆ. ಮೆತ್ತಗೆ, ಶುದ್ಧವಾಗಿ ನುಡಿಸುವವರಿಗೆ ಇದು ಕಿರಿಕಿರಿ. ಸೋನಿಕ್ ಯೂತ್‌ನವರಿಗೆ ಇದು ನಿಧಿ. ಅವರು ಬೇಕೆಂದೇ ಕುದುರೆಯ ಹಿಂದೆ ಮೀಟಿದರು. ತಂತಿಗಳ ಅಡಿಗೆ ಸ್ಕ್ರೂಡ್ರೈವರ್ ತುರುಕಿ, ನಡುವಿನಲ್ಲೂ ಇನ್ನೊಂದು ಕುದುರೆ ಮಾಡಿಕೊಂಡರು.

ಅವರು ಹಲವು ತಂತಿಗಳನ್ನು ಒಂದೇ ಸ್ವರಕ್ಕೋ ಅದರ ತೀರಾ ಹತ್ತಿರಕ್ಕೋ ಶ್ರುತಿ ಮಾಡುತ್ತಿದ್ದರು. ತಂಬೂರಿ ಶ್ರುತಿ ಮಾಡುವುದನ್ನು ಕೇಳಿದವರಿಗೆ ಗೊತ್ತು. ಎರಡು ತಂತಿಗಳು ಇನ್ನೇನು ಕೂಡಿದವು ಅನ್ನುವಾಗ ಸದ್ದು ಅಲೆ ಅಲೆಯಾಗಿ ಏರಿ ಇಳಿಯುತ್ತದೆ. ಒಂದು 440, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಅಲೆ. ತಂಬೂರಿಯವರು ಆ ಅಲೆ ಹೋಗುವ ತನಕ ಬಿರಡೆ ತಿರುಗಿಸುತ್ತಾರೆ. ಇವರು ಅದನ್ನು ಉಳಿಸಿಕೊಂಡು ಅದರ ಮೇಲೇ ಹಾಡು ಕಟ್ಟಿದರು.

ಇದೇ ಅಲೆಯನ್ನು ಬೇರೆ ದಾರಿಯಿಂದ ತಲುಪಿದವರು ಡಬ್ಲಿನ್‌ನಲ್ಲಿ ಹುಟ್ಟಿದ ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್. ಜಾಝ್‌ಮಾಸ್ಟರ್‌ಗೆ ಉದ್ದನೆಯ ಲೋಹದ ಕೈ ಇದೆ. ಒತ್ತಿದರೆ ಎಲ್ಲ ತಂತಿಗಳೂ ಸಡಿಲವಾಗಿ ಸ್ವರ ಇಳಿಯುತ್ತದೆ. ಬಿಟ್ಟರೆ ಸ್ಪ್ರಿಂಗ್ ಮತ್ತೆ ಬಿಗಿ ಮಾಡುತ್ತದೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವುದೂ ಬಿಗಿತದ ಆಟವೇ, ಆದರೆ ಅಲ್ಲಿ ಸ್ವರ ಏರುತ್ತದೆ. ಬಹಳ ಜನ ಮೊದಲು ಮೀಟಿ, ಆಮೇಲೆ ಈ ಕೈ ಒತ್ತುತ್ತಾರೆ. ಶೀಲ್ಡ್ಸ್ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ತಂತಿಗಳನ್ನು ಬಾರಿಸಿದರು. ಬಾರಿಸಿದಷ್ಟು ಹೊತ್ತೂ ಸ್ವರಗುಚ್ಛ ತೂಗಾಡುತ್ತಲೇ ಇರುತ್ತದೆ.

ಆದರೆ ಆರೂ ತಂತಿಗಳು ಒಂದೇ ಅಳತೆಯಲ್ಲಿ ಇಳಿಯುವುದಿಲ್ಲ. ಕೆಲವು ಬರೀ ಉಕ್ಕಿನ ಎಳೆ, ಕೆಲವಕ್ಕೆ ಮೇಲೆ ಇನ್ನೊಂದು ತಂತಿ ಸುತ್ತಿರುತ್ತದೆ. ಸಡಿಲಿಸಿದಾಗ ಒಂದು ಜಾಸ್ತಿ ಇಳಿಯುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಸ್ವರಗಳ ನಡುವಿನ ಅಂತರವೂ ಕದಲಿ, ಅಲೆಗಳು ಏಳುತ್ತವೆ. ಅವರ 1991ರ ಆಲ್ಬಂ ಕೇಳಿದವರು ಗಿಟಾರ್ ಕರಗುತ್ತಿದೆ ಅನ್ನುವುದು ಇದಕ್ಕೇ. ಹೆಡ್‌ಫೋನ್ ಹಾಕಿ ಒಂದೇ ಒಂದು ಸ್ವರಗುಚ್ಛದ ಹಿಂದೆ ಹೋಗಿ ನೋಡಿ. ಇಷ್ಟು ಕೇಳಿದ ಮೇಲೂ ನನಗೆ ಮೈ ಜುಂ ಅನ್ನುತ್ತದೆ.

ಇನ್ನು ಇದರ ಹೆಸರು ಕೆಡಿಸಿದ ದೂರು. ಜೋರಾಗಿ ಬಾರಿಸಿದರೆ ತಂತಿ ಕುದುರೆಯ ಮೇಲಿನ ತನ್ನ ಜಾಗದಿಂದ ಜಿಗಿದುಬಿಡುತ್ತದೆ. ಹಿಂದೆ ಅಷ್ಟುದ್ದ ಚಾಚಿರುವುದರಿಂದ ತಂತಿ ಕುದುರೆಯ ಮೇಲೆ ಹೆಚ್ಚು ಬಾಗುವುದಿಲ್ಲ. ಬಾಗು ಕಡಿಮೆಯಾದರೆ ಕೆಳಗೆ ಒತ್ತುವ ಬಲವೂ ಕಡಿಮೆ. ಆದರೆ 1958ರಲ್ಲಿ ಜನ ಹಾಕುತ್ತಿದ್ದದ್ದು ದಪ್ಪ ತಂತಿ. ದಪ್ಪ ತಂತಿಯನ್ನು ಅದೇ ಸ್ವರಕ್ಕೆ ತರಲು ಹೆಚ್ಚು ಬಿಗಿಯಬೇಕು. ಆ ಬಿಗಿತವೇ ಅದನ್ನು ಕುದುರೆಯ ಮೇಲೆ ಕೂರಿಸುತ್ತಿತ್ತು. ಮುಂದೆ ತೆಳು ತಂತಿಗಳು ರೂಢಿಗೆ ಬಂದವು. ಬೈಗುಳ ತಿಂದದ್ದು ಮಾತ್ರ ಗಿಟಾರ್. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ದಪ್ಪ ತಂತಿ ಹಾಕಿ, ಕತ್ತಿನ ಬುಡಕ್ಕೆ ಒಂದು ತೆಳು ಚೂರು ಕೊಟ್ಟು ಕೋನ ಸ್ವಲ್ಪ ಏರಿಸಿದರೆ ಬಹುಪಾಲು ಸರಿಹೋಗುತ್ತದೆ.

ಪಿಕಪ್‌ನದೂ ಒಂದು ಮಾತು. ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಜಾಝ್‌ಮಾಸ್ಟರ್‌ನ ಸುರುಳಿ ದೋಸೆಯಂತೆ ಅಗಲ, ಚಪ್ಪಟೆ. ಜೊತೆಗೆ ಇದರ ವಾಲ್ಯೂಮ್ ಗುಂಡಿಯ ಪ್ರತಿರೋಧ 1 ಮೆಗಾಓಮ್, ಸ್ಟ್ರಾಟೊಕಾಸ್ಟರ್‌ನದಕ್ಕಿಂತ ನಾಲ್ಕು ಪಟ್ಟು. ಪ್ರತಿರೋಧ ಜಾಸ್ತಿಯಾದರೆ ಮೇಲಿನ ಕಂಪನಗಳು ಸೋರಿಹೋಗುವುದು ಕಡಿಮೆ. ಸದ್ದಿಗೆ ಅಂಚು ಬರುತ್ತದೆ, ಡ್ರಮ್ಸ್ ಗದ್ದಲದ ನಡುವೆಯೂ ಕೇಳುತ್ತದೆ.

ಜಾಝ್‌ನವರಿಗಾಗಿ ಮಂದ್ರವಾದ ಸದ್ದು ಕೊಡಲು ಮೇಲುಭಾಗದಲ್ಲಿ ಒಂದು ಸ್ವಿಚ್ಚು, ಎರಡು ಪುಟ್ಟ ಗಾಲಿಗಳು ಇದ್ದವು. ಥರ್ಸ್ಟನ್ ಮೂರ್ ಅವನ್ನು ಕಿತ್ತುಹಾಕಿ ನುಡಿಸುತ್ತಿದ್ದರು. 2009ರಲ್ಲಿ ಫೆಂಡರ್ ಅವರ ಹೆಸರಿನಲ್ಲೇ ಜಾಝ್‌ಮಾಸ್ಟರ್ ತಂದಿತು. ಅದರಲ್ಲಿ ಆ ಗಾಲಿಗಳಿಲ್ಲ. ಪಿಕಪ್ ಬದಲಿಸುವ ಸ್ವಿಚ್ಚು, ಒಂದೇ ಒಂದು ವಾಲ್ಯೂಮ್ ಗುಂಡಿ, ಕುದುರೆಯ ಹಿಂದೆ ಮೊದಲಿನ ಹಾಗೇ ಚಾಚಿಕೊಂಡ ತಂತಿ.