ಬೆಂಗಳೂರಿನ ಅಂಚಿನಲ್ಲಿ ಬೇಳೆ ಯಾಕೆ ಬೇಯಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮನೆಯ ಹಿರಿಯರು ಯಾರಾದರೂ ಜೊತೆಗಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನೀರು ಯಾವುದು, ಕಾವೇರಿನಾ ಬೋರಾ?" ಬೋರ್ ಅಂತ ಉತ್ತರ ಬಂದರೆ ಕೂಡಲೇ ಇನ್ನೊಂದು. "ಬೇಳೆ ಬೇಯುತ್ತಾ?"

ಊರಿನ ಪೂರ್ವದಂಚಿನ ಮಹದೇವಪುರದ ಕಡೆ ನಾವು ಮನೆ ಹಿಡಿದಾಗ ಈ ಎರಡನೇ ಪ್ರಶ್ನೆ ಕೇಳಿರಲಿಲ್ಲ. ಮೂರು ವಿಸಲ್‌ಗೆ ಆಗುತ್ತಿದ್ದ ತೊಗರಿಬೇಳೆಗೆ ಏಳು ವಿಸಲ್ ಬೇಕಾಯಿತು. ಒಂದೂವರೆ ವರ್ಷಕ್ಕೆ ಗೀಸರ್ ಕೆಟ್ಟಿತು, ರಿಪೇರಿಗೆ ಬಂದವರು ಕಾಯಿಲ್ ಬಿಚ್ಚಿ ತೋರಿಸಿದರು. ಸುಣ್ಣದಲ್ಲಿ ಅದ್ದಿ ತೆಗೆದ ಹಾಗಿತ್ತು. "ಈ ಕಡೆ ಎಲ್ಲಾ ಹಿಂಗೇ ಸರ್" ಅಂದರು. ಈ ಕಡೆ ಮಾತ್ರ ಯಾಕೆ ಹೀಗೆ? ಹಳೇ ಬಡಾವಣೆ ಮಲ್ಲೇಶ್ವರದ ನೆಂಟರ ಮನೆಯಲ್ಲಿ ಇಪ್ಪತ್ತು ವರ್ಷದ ಗೀಸರ್ ಇನ್ನೂ ಕೆಲಸ ಮಾಡುತ್ತಿದೆಯಲ್ಲ?

ಇದಕ್ಕೆಲ್ಲ ಕಾರಣ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ. ಮೊದಲು ಈ ಗಡಸು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಬೆಂಗಳೂರು ಕೂತಿರುವುದು ಗಟ್ಟಿ ಬಂಡೆಯ ಮೇಲೆ. ಇಂಥ ಬಂಡೆ ನೀರನ್ನು ಹೀರಿಕೊಳ್ಳುವುದಿಲ್ಲ, ಅದರ ಬಿರುಕುಗಳಲ್ಲಷ್ಟೇ ನೀರು ನಿಲ್ಲುತ್ತದೆ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿನೀರು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಳ್ಳುತ್ತಾ ಹೋಗುತ್ತದೆ. ನೀರು ಒಳಗೆ ಎಷ್ಟು ಹೆಚ್ಚು ಕಾಲ ಇರುತ್ತದೋ ಸಾಮಾನ್ಯವಾಗಿ ಅಷ್ಟು ಗಡಸು. ಅದೇ ಕ್ಯಾಲ್ಸಿಯಂ ಬೇಳೆಕಾಳನ್ನು ಒಳಗೆ ಹಿಡಿದಿಡುವ ಪೆಕ್ಟಿನ್ ಅನ್ನುವ ಅಂಟಿನ ಜೊತೆ ಸೇರಿ ಅದನ್ನು ಬಿಗಿಯಾಗಿಸುತ್ತದೆ, ಹಾಗಾಗಿ ಕಾಳು ಒಡೆಯುವುದೇ ಇಲ್ಲ. ಹಿಂದಿನವರು ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಇದೇ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ನೊರೆ ಬರುವ ಬದಲು ಒಂಥರಾ ಜಿಗುಟು ಬಿಳಿ ಕೊಳೆ ಆಗುತ್ತದೆ, ಬಕೆಟ್ಟಿನ ಅಂಚಿನಲ್ಲಿ ಕೂರುತ್ತದಲ್ಲ, ಅದೇ.

ಹಾಗಾದರೆ ಊರು ಹುಟ್ಟಿದಾಗಿನಿಂದ ಬೆಂಗಳೂರಿನವರು ಗಡಸು ನೀರನ್ನೇ ಕುಡಿದರಾ? ಅಷ್ಟಾಗಿ ಇಲ್ಲ. ಆಗ ಇದ್ದದ್ದು ಕೆರೆ ಮತ್ತು ತೆರೆದ ಬಾವಿ. ಮಳೆ ಬಂತು, ಕೆರೆ ತುಂಬಿತು, ಕೆರೆಯಿಂದ ಇಂಗಿದ ನೀರು ಪಕ್ಕದ ಬಾವಿಗೆ ಬಂತು. ಮೂವತ್ತು ನಲವತ್ತು ಅಡಿಯ ಆ ನೀರಿಗೆ ಬಂಡೆಯ ಜೊತೆ ಸಂಸಾರ ಮಾಡಲು ಹೆಚ್ಚು ಪುರಸೊತ್ತು ಇರಲಿಲ್ಲ. ಈ ಪದ್ಧತಿಯ ತೊಂದರೆ ಬೇರೆ, ಊರು ಬೆಳೆದ ಹಾಗೆ ಕೆರೆ ಬಾವಿಗಳಿಗೆ ಕೊಳಕು ಸೇರತೊಡಗಿತು.

ಅದಕ್ಕೇ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿ ನದಿಯ ಮೇಲಿನ ಹೆಸರಘಟ್ಟ ಕೆರೆಯಿಂದ ನಲ್ಲಿಗೆ ನೀರು ತರುವ ಯೋಜನೆ ಆಯಿತು. 1896ರಿಂದ ನೀರು ಹರಿಯಿತು. ಮಲ್ಲೇಶ್ವರದಲ್ಲಿ ಈಗಲೂ ಜ್ಯುವೆಲ್ ಫಿಲ್ಟರ್ ಅಂತ ಕರೆಯುವ ಜಾಗ ಇದೆಯಲ್ಲ, ಅದು ಆ ಕಾಲದ ಪೈಪಿನ ನೀರು ಸೋಸುವ ವ್ಯವಸ್ಥೆ ಬಿಟ್ಟುಹೋದ ಹೆಸರು. ಹೆಸರಘಟ್ಟ ಮಳೆಯನ್ನೇ ನಂಬಿದ ಕೆರೆ, 1920ರ ದಶಕದಲ್ಲಿ ಅದು ಬತ್ತಿ ಊರು ಕಂಗಾಲಾಯಿತು. ಆಮೇಲೆ ಅರ್ಕಾವತಿ, ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಬಂತು, 1933ರಲ್ಲಿ. ಸರಿಯಾಗಿ ನೋಡಿದರೆ ಈ ಎರಡೂ ಮೂಲ ಇರುವುದು ಊರಿನ ವಾಯವ್ಯ ಮತ್ತು ಪಶ್ಚಿಮಕ್ಕೆ. ಪೂರ್ವದ ಹಳ್ಳಿಗಳಿಗೆ, ಅಂದರೆ ವರ್ತೂರು, ಕಾಡುಗೋಡಿ, ಬೆಳ್ಳಂದೂರಿನವರಿಗೆ, ಅವರ ಕೆರೆ ಬಾವಿಗಳೇ ಗತಿ. ಆಗ ಅದು ಕೊರತೆ ಅನ್ನಿಸಿರಲಿಕ್ಕಿಲ್ಲ ಬಿಡಿ, ಕೆರೆ ಚೆನ್ನಾಗಿತ್ತು.

1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ, ಮೂರು ಕಡೆ ಪಂಪ್ ಮಾಡಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿ ತರುವ ನೀರು ಇದು. ಇಷ್ಟು ಕರೆಂಟ್ ಸುರಿದು ನದಿಯನ್ನು ಗುಡ್ಡ ಹತ್ತಿಸುವ ಊರುಗಳು ಕಡಿಮೆ. ಎಂಬತ್ತರ ದಶಕದಲ್ಲಿ ಎರಡನೇ ಹಂತ, ತೊಂಬತ್ತರ ದಶಕದಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ನಾಲ್ಕನೆಯದರ ಎರಡು ಭಾಗ. ಪ್ರತಿ ಸಲವೂ ಪೈಪ್ ಬಂದು ನಿಂತದ್ದು ಆಗಿನ ನಗರದ ಗಡಿಯ ಆಸುಪಾಸಿನಲ್ಲಿ.

ಆದರೆ ಮನೆಗಳು ನಿಲ್ಲಲಿಲ್ಲ! ತೊಂಬತ್ತರ ದಶಕದ ಕೊನೆಗೆ ವೈಟ್‌ಫೀಲ್ಡ್ ಕಡೆ ಐಟಿ ಕಂಪನಿಗಳು ಬಂದವು, ಅವುಗಳ ಹಿಂದೆ ಅಪಾರ್ಟ್‌ಮೆಂಟ್, ಪಿಜಿ, ಲೇಔಟ್. ಪೈಪ್ ಇಲ್ಲದ ಕಡೆ ಬಿಲ್ಡರ್ ಹತ್ತಿರ ಇದ್ದ ಉತ್ತರ ಒಂದೇ, ಬೋರ್‌ವೆಲ್. ಹಳ್ಳಿಗಳಿಗೆ ಕೊಳವೆಬಾವಿ ಬಂದದ್ದು ಒಳ್ಳೆಯ ಉದ್ದೇಶಕ್ಕೇ. ತೆರೆದ ಬಾವಿಯ ರೋಗಾಣು ತಪ್ಪಲಿ, ಬರಗಾಲದಲ್ಲೂ ನೀರು ಸಿಗಲಿ ಅಂತ. ಒಂದು ಹ್ಯಾಂಡ್‌ಪಂಪಿಗೆ ಅದು ಸರಿ. ಸಾವಿರ ಫ್ಲಾಟಿಗೆ ಮೋಟರ್ ಹಾಕಿ ಎಳೆದರೆ? ಬೋರಿನ ಆಳ ಮುನ್ನೂರು ಅಡಿ ಹೋಗಿ ಸಾವಿರ ಅಡಿ ದಾಟಿತು. ಅಷ್ಟು ಆಳದ ಬಿರುಕುಗಳಲ್ಲಿ ಬಹಳ ಕಾಲದಿಂದ ಕೂತಿದ್ದ ನೀರನ್ನು ನಾವು ಎತ್ತಿ ತಂದು ಸ್ನಾನ ಮಾಡುತ್ತಿದ್ದೇವೆ, ಆಮೇಲೆ ಕೂದಲು ಒರಟಾಯಿತು ಅಂತ ಶಾಂಪೂ ಬದಲಾಯಿಸುತ್ತಿದ್ದೇವೆ.

ಇನ್ನು ಮೇಲಿನ ನೀರಿನ ಕಥೆ. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ನಗರದ ಕೊಳಚೆ ಹರಿದು ನೊರೆ ರಸ್ತೆಗೆ ಹಾರಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಕೊಳಚೆ ಇಂಗಿದ ಕಡೆ ಅಂತರ್ಜಲಕ್ಕೆ ಉಪ್ಪು, ನೈಟ್ರೇಟ್ ಸೇರುತ್ತದೆ. ಗಡಸುತನಕ್ಕೆ ಬಂಡೆಯನ್ನು ಬೈಯಬಹುದು, ಇದಕ್ಕೆ ಬೈಸಿಕೊಳ್ಳಬೇಕಾದವರು ನಾವೇ.

2007ರಲ್ಲಿ ಬಿಬಿಎಂಪಿ ಆಯಿತು. ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಂದೇ ಏಟಿಗೆ ಬೆಂಗಳೂರಾದವು. ತೆರಿಗೆ ಬೆಂಗಳೂರಿನದು, ನೀರು ಮಾತ್ರ ಹಳ್ಳಿಯ ಬೋರಿನದು. ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ. ಅದೇ ವರ್ಷ ಮಾರ್ಚ್‌ನಲ್ಲಿ, ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಟ್ಯಾಂಕರ್ ದರಕ್ಕೆ ಮಿತಿ ಹಾಕಬೇಕಾಯಿತು. ಟ್ಯಾಂಕರ್‌ನಲ್ಲಿ ಬರುವುದು ಹೆಚ್ಚಾಗಿ ಇನ್ನೊಂದು ಊರಿನ ಬೋರ್ ನೀರೇ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನಕ್ಕೆ ಎರಡು ಅಂಕಿ ಇವೆ. ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಆ "ಬೇರೆ ಮೂಲವೇ ಇಲ್ಲದಿದ್ದರೆ" ಅನ್ನುವ ಮಾತನ್ನು ಇನ್ನೊಮ್ಮೆ ಓದಿ. ನಮ್ಮ ಕಡೆಯ ಸಾವಿರಾರು ಮನೆಗಳು ವರ್ಷಗಟ್ಟಲೆ ಬದುಕಿದ್ದು ಆ ಒಂದು ಸಾಲಿನ ಕೆಳಗೆ.

ಹಾಗಂತ ಗಡಸು ನೀರು ವಿಷ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಯಾವ ಮಿತಿಯನ್ನೂ ಹಾಕಿಲ್ಲ. ಕೆಡುವುದು ಗೀಸರ್, ನಲ್ಲಿ, ವಾಷಿಂಗ್ ಮೆಷಿನ್, ತಲೆ. ನಾವು ಹೆದರಬೇಕಾದ್ದು ಕಣ್ಣಿಗೆ ಬೀಳದ್ದಕ್ಕೆ. ಪಕ್ಕದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನೇ ನೋಡಿ, ಅಲ್ಲಿನ ಬೋರ್ ನೀರಿನ ದೊಡ್ಡ ಕಾಟ ಫ್ಲೋರೈಡ್. ಅದು ಬಿಳಿ ಪದರ ಕಟ್ಟುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ತಮಾಷೆ ಅಂದರೆ ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲುವುದು ಕಷ್ಟ. ಅಂದರೆ ಬೇಳೆ ಚೆನ್ನಾಗಿ ಬೇಯುವ ಬೋರ್ ನೀರೇ ಕೆಲವೊಮ್ಮೆ ಹಲ್ಲು, ಮೂಳೆಗೆ ಕೆಟ್ಟದ್ದು. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಇದ್ಯಾವುದನ್ನೂ ಹೇಳುವುದಿಲ್ಲ. ಕರಗಿದ ಉಪ್ಪು ಒಟ್ಟು ಎಷ್ಟು ಅಂತ ಅಂದಾಜು ಕೊಡುತ್ತದೆ, ಅಷ್ಟೇ. ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಗೊತ್ತಾಗಬೇಕಾದರೆ ಲ್ಯಾಬಿಗೇ ಕೊಡಬೇಕು.

ಅಪಾರ್ಟ್‌ಮೆಂಟ್‌ಗಳು ಕಂಡುಕೊಂಡ ದಾರಿ ಸಾಫ್ಟನರ್, ಅಂದರೆ ನೀರಿನ ಗಡಸು ತೆಗೆಯುವ ಯಂತ್ರ. ಅದರೊಳಗೆ ತುಂಬಿರುವ ರೆಸಿನ್ ಅನ್ನುವ ಮಣಿಯಂಥ ವಸ್ತು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಅದು ಸುಸ್ತಾದಾಗ ಮೂಟೆಗಟ್ಟಲೆ ಉಪ್ಪು ಕರಗಿಸಿ ತೊಳೆಯಬೇಕು. ಆ ಉಪ್ಪುನೀರು ಚರಂಡಿಗೆ. ಕುಡಿಯಲು ಆರ್‌ಓ, ಅದು ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ, ಅದೂ ಚರಂಡಿಗೆ. ಚರಂಡಿ ಎಲ್ಲಿಗೆ ಅಂತ ಮೇಲೆ ಹೇಳಿದೆನಲ್ಲ.

ನಮ್ಮ ಬೀದಿಗೆ ಈಗ ಕಾವೇರಿ ಬಂದಿದೆ, ವಾರಕ್ಕೆ ಎರಡು ದಿನ. ಸಂಪ್ ಒಂದೇ ಇರುವುದರಿಂದ ಎರಡೂ ನೀರು ಅದರಲ್ಲೇ ಬೆರೆಯುತ್ತವೆ. ಬೇಳೆ ಐದು ವಿಸಲ್‌ಗೆ ಇಳಿದಿದೆ. ಮನೆಯಲ್ಲಿ ಅತ್ತೆ ಮಾತ್ರ ನೀರು ಬಂದ ದಿನ ಗೇಟಿನ ಹತ್ತಿರದ ನಲ್ಲಿಯಿಂದಲೇ ಎರಡು ಬಿಂದಿಗೆ ಹಿಡಿದು ಒಳಗಿಡುತ್ತಾರೆ, ಸಾರಿಗೆ ಅಂತ.