ಬೆರಳು ತೋರಿದ ಕಡೆ ಮಗು ನೋಡುತ್ತದೆಯೇ?

ಗೋಡೆ ಗಡಿಯಾರದತ್ತ ಬೆರಳು ಮಾಡಿ ‘ಅಲ್ಲಿ ನೋಡು’ ಎಂದರೆ ಒಂದೂವರೆ ವರ್ಷದ ಮಗು ಸಾಮಾನ್ಯವಾಗಿ ಗಡಿಯಾರ ನೋಡಿ, ಮತ್ತೆ ನಿಮ್ಮ ಮುಖ ನೋಡುತ್ತದೆ. ಆಟಿಸಂ (ಇತರರೊಂದಿಗೆ ಬೆರೆಯುವ, ಸಂವಹಿಸುವ ರೀತಿ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಅನೇಕ ಮಕ್ಕಳಲ್ಲಿ ಈ ಹೋಗಿಬರುವ ನೋಟ ಅಪರೂಪ. ಇದನ್ನು ಯಾರು ಗಮನಿಸಬೇಕು, ಎಷ್ಟು ಸಲ ಎಂಬುದೇ ಆಟಿಸಂ ತಪಾಸಣೆಯ ಇತಿಹಾಸದುದ್ದಕ್ಕೂ ಕಾಡಿದ ಪ್ರಶ್ನೆ.

ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದದ್ದು 1943ರಲ್ಲಿ. ಪುಟ್ಟ ಮಕ್ಕಳಿಗೆಂದೇ ತಪಾಸಣಾ ಪಟ್ಟಿ ಬಂದದ್ದು 1992ರಲ್ಲಿ, ಬ್ರಿಟನ್ನಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರ ‘ಚಾಟ್’. 18 ತಿಂಗಳ ಮಗುವಿನ ಹೆತ್ತವರಿಗೆ 9 ಪ್ರಶ್ನೆ, ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಗೆ 5 ವೀಕ್ಷಣೆ. 16 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ನೋಡಿ, ಆರು ವರ್ಷಗಳ ನಂತರ ಲೆಕ್ಕ ಹಾಕಿದಾಗ ಆಟಿಸಂ ಇದ್ದವರಲ್ಲಿ ಪಟ್ಟಿ ಹಿಡಿದದ್ದು ನೂರಕ್ಕೆ 38 ಮಕ್ಕಳನ್ನು ಮಾತ್ರ. ಒಂದೇ ಒಂದು ಭೇಟಿ ಸಾಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

2001ರಲ್ಲಿ ಚಾಟ್‌ನ ಮಾರ್ಪಡಿಸಿದ ರೂಪ, 23 ಪ್ರಶ್ನೆಗಳ ‘ಎಂ-ಚಾಟ್’ ಬಂತು. 2014ರ ಪರಿಷ್ಕೃತ ರೂಪದಲ್ಲಿ 20 ಪ್ರಶ್ನೆಗಳಿವೆ. 16ರಿಂದ 30 ತಿಂಗಳ ಮಕ್ಕಳಿಗೆ. ಅಪಾಯ ಸೂಚಿಸುವ ಪ್ರತಿ ಉತ್ತರಕ್ಕೆ ಒಂದು ಅಂಕ. ಅಂಕ 0–2 ಬಂದರೆ ಸದ್ಯಕ್ಕೆ ಚಿಂತೆಯಿಲ್ಲ, ಆದರೆ ಮಗುವಿಗೆ ಎರಡು ತುಂಬದಿದ್ದರೆ ತುಂಬಿದ ಮೇಲೆ ಮತ್ತೆ ಕೇಳಬೇಕು. 3–7 ಬಂದರೆ, ಅಂಕ ಬಂದ ಪ್ರಶ್ನೆಗಳನ್ನೇ ಉದಾಹರಣೆ ಸಮೇತ ಇನ್ನೊಮ್ಮೆ ಕೇಳಬೇಕು. ಆಗಲೂ ಎರಡು ಅಥವಾ ಹೆಚ್ಚು ಅಂಕ ಉಳಿದರೆ ತಜ್ಞರ ಬಳಿಗೆ. 8 ಅಥವಾ ಹೆಚ್ಚು ಬಂದರೆ ನೇರ ತಜ್ಞರಲ್ಲಿಗೆ. ಎಡವುವುದು ಎರಡು ಕಡೆ. 2, 5, 12ನೇ ಪ್ರಶ್ನೆಗಳಲ್ಲಿ ‘ಹೌದು’ ಎಂದರೆ ಅಪಾಯದ ಅಂಕ, ಉಳಿದವುಗಳಲ್ಲಿ ‘ಇಲ್ಲ’ ಎಂದರೆ. ಅವಸರದಲ್ಲಿ ಎಲ್ಲವನ್ನೂ ಒಂದೇ ರೀತಿ ಎಣಿಸಿಬಿಡುತ್ತಾರೆ. ಎರಡನೆಯದು, ಮರುಪ್ರಶ್ನೆಯ ಹಂತವನ್ನೇ ಬಿಟ್ಟುಬಿಡುವುದು. ಅದರಿಂದ ಎಷ್ಟೋ ಹೆತ್ತವರು ವಿನಾಕಾರಣ ಹೆದರುತ್ತಾರೆ.

ಈ ಪಟ್ಟಿ ರೂಪುಗೊಂಡಿದ್ದು ಹೆತ್ತವರ ಉತ್ತರಕ್ಕಾಗಿ. ಶಿಶುಪಾಲನಾ ಕೇಂದ್ರದ ಆರೈಕೆದಾರರು ಅವರ ಬದಲು ಅದನ್ನು ತುಂಬಿದರೆ ಅಂಕಗಳನ್ನು ಅದೇ ಅರ್ಥದಲ್ಲಿ ಓದಲಾಗದು. ಆದರೆ ಚೊಚ್ಚಲ ಮಗುವಿನ ತಾಯಿತಂದೆಗೆ ಇಲ್ಲದ ಅನುಕೂಲ ಇವರಿಗಿದೆ: ಒಂದೇ ವಯಸ್ಸಿನ ಹತ್ತು ಮಕ್ಕಳು ದಿನವೂ ಕಣ್ಣೆದುರೇ ಇರುತ್ತಾರೆ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಇಂಥವರಿಗೆಂದೇ ಬೇರೆ ಪಟ್ಟಿ ಮಾಡಿ ಸಾವಿರಾರು ಮಕ್ಕಳ ಮೇಲೆ ಬಳಸಿದರು. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ತರಬೇತಾದ ದಾದಿಯರು 12, 18, 24 ತಿಂಗಳಲ್ಲಿ ಮತ್ತೆ ಮತ್ತೆ ನೋಡಿದರು. 13 ಸಾವಿರಕ್ಕೂ ಹೆಚ್ಚು ಮಕ್ಕಳ ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ದಾದಿಯರು ಗುರುತಿಸಿ ತಜ್ಞರ ಪರೀಕ್ಷೆಗೆ ಬಂದವರಲ್ಲಿ ನೂರಕ್ಕೆ 83 ಮಕ್ಕಳಿಗೆ ಆಟಿಸಂ ಇತ್ತು.

ಕೇಂದ್ರದಲ್ಲಿ ನೋಡಬೇಕಾದ್ದು ಸಣ್ಣ ಸಣ್ಣ ಸಂಗತಿ. ಮಗು ಬೇಕಾದ್ದಕ್ಕೆ ಮಾತ್ರ ಬೆರಳು ತೋರುತ್ತದೆಯೋ, ಹಾರುವ ಹಕ್ಕಿಯನ್ನು ನಿಮಗೂ ತೋರಿಸಲೆಂದು ತೋರುತ್ತದೆಯೋ? ಡಬ್ಬಿ ತೆರೆಸಲು ಮುಖ ನೋಡದೆ ನಿಮ್ಮ ಕೈಯನ್ನಷ್ಟೇ ಹಿಡಿದೆಳೆಯುತ್ತದೆಯೋ? ಹೆಸರು ಕರೆದರೆ ತಿರುಗುತ್ತದೆಯೋ? ಕರೆಯುವಾಗ ಮುಟ್ಟಬಾರದು, ಆಟಿಕೆ ಆಡಿಸಬಾರದು. ‘ಯಾರ ಜೊತೆಯೂ ಬೆರೆಯುವುದಿಲ್ಲ’ ಎಂದು ಬರೆದರೆ ವೈದ್ಯರಿಗೆ ಉಪಯೋಗವಿಲ್ಲ, ‘ಹಿಂದಿನಿಂದ ನಾಲ್ಕು ಸಲ ಕರೆದೆ, ಒಮ್ಮೆ ತಿರುಗಿತು, ಸಂಗೀತ ಹಾಕಿದ ಕೂಡಲೇ ತಿರುಗಿತು’ ಎಂದು ದಿನಾಂಕ ಹಾಕಿ ಬರೆಯಬೇಕು. ಸಂಗೀತಕ್ಕೆ ತಿರುಗಿದರೂ ಶ್ರವಣ ಪರೀಕ್ಷೆ ಬಿಡುವಂತಿಲ್ಲ; ಕೆಲವು ಸ್ವರಗಳಷ್ಟೇ ಕೇಳದ ಮಕ್ಕಳೂ ಹೀಗೆಯೇ ಕಾಣುತ್ತಾರೆ.