ಅರಿವು ಅಳಿಯದ ಅರಿವಳಿಕೆ

ಊರಿಗೆ ನುಗ್ಗಿದ ಚಿರತೆಯನ್ನು ಅರಣ್ಯ ಇಲಾಖೆಯವರು ಹಿಡಿದ ಫೋಟೊ ಪೇಪರಿನಲ್ಲಿ ಆಗಾಗ ಬರುತ್ತದೆ. ಬಲೆಯ ಮೇಲೆ ಚಿರತೆ ಅಡ್ಡಬಿದ್ದಿರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಅರಿವಳಿಕೆ ಚುಚ್ಚುಮದ್ದು ಕೊಟ್ಟಾಗಿದೆ, ಮತ್ತೆ ಬಟ್ಟೆ ಯಾಕೆ? ಯಾಕೆಂದರೆ ಅದರ ಕಣ್ಣು ಮುಚ್ಚಿಲ್ಲ. ಚಿರತೆ ಹಿಡಿಯಲು ನಮ್ಮ ವನ್ಯಜೀವಿ ವೈದ್ಯರು ಸಾಮಾನ್ಯವಾಗಿ ಬಳಸುವುದು ಕೆಟಮಿನ್ ಮತ್ತು ಜೈಲಜಿನ್ ಎಂಬ ಎರಡು ಔಷಧಗಳನ್ನು. ಕೆಟಮಿನ್ ಹೊಕ್ಕ ಪ್ರಾಣಿ ಕಣ್ಣು ಬಿಟ್ಟುಕೊಂಡೇ ಬೀಳುತ್ತದೆ. ರೆಪ್ಪೆ ಬಡಿಯದ ಕಣ್ಣು ಒಣಗುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ಅದಕ್ಕೇ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಾರೆ.

ಮನುಷ್ಯರಲ್ಲೂ ಹೀಗೇ. ಕೆಟಮಿನ್ ಪಡೆದ ರೋಗಿ ಆಪರೇಷನ್ ಟೇಬಲ್ ಮೇಲೆ ಕಣ್ಣು ತೆರೆದೇ ಇರುತ್ತಾನೆ. ಗುಡ್ಡೆಗಳು ಮೆಲ್ಲಗೆ ಅತ್ತಿತ್ತ ಓಲಾಡುತ್ತವೆ. ಉಸಿರು ತಾನಾಗಿ ಆಡುತ್ತದೆ. ನಾಡಿ, ಬಿಪಿ ಇಳಿಯುವ ಬದಲು ಸ್ವಲ್ಪ ಏರುತ್ತವೆ. ಮುರಿದ ಮೂಳೆಯನ್ನು ಎಳೆದು ಕೂರಿಸಿದರೂ ಕೂಗುವುದಿಲ್ಲ. ನೋಡಿದರೆ ಎಚ್ಚರ, ಕರೆದರೆ ಓಗೊಡುವುದಿಲ್ಲ.

ಅರಿವಳಿಕೆ ಅನ್ನುವುದು ಸುಂದರವಾದ ಪದ. ಅರಿವು ಅಳಿಯುವುದು. ಇಂದಿನ ಆಪರೇಷನ್ ಥಿಯೇಟರ್‌ಗಳಲ್ಲಿ ಕೊಡುವ ಹಾಲಿನ ಬಣ್ಣದ ಪ್ರೊಪೊಫಾಲ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ. ಕೆಟಮಿನ್‌ಗೆ ಮಾತ್ರ ಆ ಪದ ಸಾಲದು ಅಂತ ನನಗನಿಸುತ್ತದೆ. ಇಲ್ಲಿ ಅರಿವು ಅಳಿಯುವುದಕ್ಕಿಂತ ಹೆಚ್ಚಾಗಿ ಅದರ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಇದರ ಹಿಂದೆ ಒಂದು ಅಣ್ಣ ಔಷಧದ ಕಥೆಯಿದೆ. 1956ರಲ್ಲಿ ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಯಲ್ಲಿ ಫೆನ್‌ಸೈಕ್ಲಿಡಿನ್ ಅಥವಾ ಪಿಸಿಪಿ ಹುಟ್ಟಿತು. ಅದೂ ಉಸಿರನ್ನು ಕಟ್ಟದೆ ನೋವು ಮರೆಸುತ್ತಿತ್ತು. ಆದರೆ ಆಪರೇಷನ್ ಮುಗಿದ ಮೇಲೆ ರೋಗಿಗಳು ಗಂಟೆಗಟ್ಟಲೆ ಭ್ರಮೆಯಲ್ಲಿ ಇರುತ್ತಿದ್ದರು. ಅದರ ಮೊನೆ ಸ್ವಲ್ಪ ಮೊಂಡಾದರೆ ಸಾಕಿತ್ತು. 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ಅಂಥದ್ದೇ ಜಾತಿಯ, ಬೇಗ ಇಳಿಯುವ ಕೆಟಮಿನ್ ತಯಾರಿಸಿದರು.

1964ರ ಆಗಸ್ಟ್‌ನಲ್ಲಿ ಔಷಧಶಾಸ್ತ್ರಜ್ಞ ಎಡ್ವರ್ಡ್ ಡಾಮಿನೊ ಮತ್ತು ಅರಿವಳಿಕೆ ತಜ್ಞ ಗುಂಟರ್ ಕೋರ್ಸನ್ ಅದನ್ನು ಮೊದಲ ಬಾರಿ ಮನುಷ್ಯರ ಮೇಲೆ ಪರೀಕ್ಷಿಸಿದರು. ಒಳಗಾದವರು ಮಿಶಿಗನ್ ರಾಜ್ಯದ ಜಾಕ್ಸನ್ ಜೈಲಿನ 20 ಕೈದಿಗಳು. ಅವರನ್ನು ಸ್ವಯಂಸೇವಕರು ಎಂದು ಬರೆದಿದ್ದಾರೆ. ಬೀಗದೊಳಗೆ ಇರುವವನ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಈ ಔಷಧದಿಂದ ಬದುಕಿಕೊಂಡವರೆಲ್ಲ ಆ 20 ಜನರ ಋಣದಲ್ಲಿದ್ದಾರೆ ಎನ್ನುವುದಂತೂ ನಿಜ. ಕೈಕಾಲು ಇದೆ ಅಂತಲೇ ಅನ್ನಿಸಲಿಲ್ಲ, ಬಯಲಲ್ಲಿ ತೇಲಿದ ಹಾಗಿತ್ತು ಎಂಬಂಥ ಮಾತುಗಳನ್ನು ಅವರು ಹೇಳಿದರು. ಡಾಮಿನೊ ಮನೆಗೆ ಹೋಗಿ ಪತ್ನಿ ಟೋನಿ ಹತ್ತಿರ ಇದನ್ನು ವಿವರಿಸಿದಾಗ, ಇವರೆಲ್ಲ ತಮ್ಮಿಂದಲೇ ಬೇರ್ಪಟ್ಟ ಹಾಗಿದೆಯಲ್ಲ ಎಂದು ಆಕೆಗೆ ಹೊಳೆಯಿತು. 'ಡಿಸೋಸಿಯೇಟಿವ್ ಅನಸ್ತೇಷಿಯಾ' ಎಂಬ ಹೆಸರು ಬಂದದ್ದು ಹಾಗೆ. ಬೇರ್ಪಡಿಸುವ ಅರಿವಳಿಕೆ ಎನ್ನೋಣ.

ಬೇರ್ಪಡಿಸುವುದು ಹೇಗೆ? ಮಿದುಳಿನ ನರಕೋಶಗಳು ಒಂದನ್ನೊಂದು ಎಬ್ಬಿಸಲು ಹೆಚ್ಚಾಗಿ ಬಳಸುವ ರಾಸಾಯನಿಕ ಗ್ಲುಟಮೇಟ್. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಲ್ಲಿ ಎನ್‌ಎಂಡಿಎ ಎಂಬುದು ಒಂದು. ಗ್ಲುಟಮೇಟ್ ಬಂದು ಕೂತಾಗ, ಕೋಶವೂ ಆಗಲೇ ಸ್ವಲ್ಪ ಎಚ್ಚೆತ್ತಿದ್ದರೆ, ಇದರ ನಡುವಿನ ಕಿಂಡಿ ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಕಲಿಯುವುದಕ್ಕೂ ನೆನಪಿಗೂ ಈ ಹರಿವು ಬೇಕೇ ಬೇಕು. ಕೆಟಮಿನ್ ಹೊಂಚು ಹಾಕಿ ಕೂತಿರುತ್ತದೆ. ಕಿಂಡಿ ತೆರೆದ ಕೂಡಲೇ ಒಳಗೆ ನುಗ್ಗಿ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಈ ಗುಟ್ಟನ್ನು 1983ರಲ್ಲಿ ಡೇವಿಡ್ ಲಾಡ್ಜ್ ಮತ್ತು ಸಂಗಡಿಗರು ಪ್ರಕಟಿಸಿದರು. ಔಷಧ ಬಳಕೆಗೆ ಬಂದು ಅಷ್ಟರಲ್ಲಿ 13 ವರ್ಷ ಆಗಿತ್ತು.

ಎಬ್ಬಿಸುವ ಸಂದೇಶವನ್ನು ತಡೆದರೆ ಮಿದುಳು ಶಾಂತವಾಗಬೇಕು, ಅಲ್ವಾ? ಆಗುವುದಿಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ತೆಗೆದರೆ ಗಾಮಾ ಎಂಬ ವೇಗದ ಅಲೆಗಳು ಬುಗ್ಗೆಯ ಹಾಗೆ ಏಳುತ್ತವೆ, ನಡುವೆ ನಿಧಾನದ ಅಲೆಗಳು ಬಂದು ಹೋಗುತ್ತವೆ. ವಿಜ್ಞಾನಿಗಳು ಕೊಡುವ ಒಂದು ವಿವರಣೆ ಹೀಗಿದೆ. ಮಿದುಳಿನಲ್ಲಿ ಓಡಿಸುವ ಕೋಶಗಳೂ ಇವೆ, ಬ್ರೇಕ್ ಹಾಕುವ ಕೋಶಗಳೂ ಇವೆ. ಬ್ರೇಕ್ ಕೋಶಗಳು ಸದಾ ಚುರುಕು. ಅವುಗಳ ಕಿಂಡಿ ಜಾಸ್ತಿ ತೆರೆಯುತ್ತದೆ, ಆದ್ದರಿಂದ ಕೆಟಮಿನ್‌ಗೆ ಅವೇ ಮೊದಲು ಸಿಗುತ್ತವೆ. ಬ್ರೇಕ್ ಹೋದ ಮೇಲೆ ಉಳಿದ ಕೋಶಗಳು ತಮ್ಮ ಪಾಡಿಗೆ ತಾವು ಓಡತೊಡಗುತ್ತವೆ. ಸದ್ದು ಹೆಚ್ಚುತ್ತದೆ, ಆದರೆ ಒಂದು ಭಾಗದ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ.

2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಡೈಸರಾಥ್ ಅವರ ತಂಡ ಇಲಿಗಳಲ್ಲಿ ಕಂಡದ್ದನ್ನು ಓದಿ ನಾನು ತುಂಬ ಹೊತ್ತು ಅದನ್ನೇ ಯೋಚಿಸಿದೆ. ಬಿಸಿ ತಟ್ಟೆಯ ಮೇಲೆ ನಿಂತ ಇಲಿ ಸಾಮಾನ್ಯವಾಗಿ ಕಾಲನ್ನು ಸರಕ್ಕನೆ ಎತ್ತಿಕೊಳ್ಳುತ್ತದೆ. ಆಮೇಲೆ ಕಾಲನ್ನು ನೆಕ್ಕಿಕೊಳ್ಳುತ್ತದೆ. ಕೆಟಮಿನ್ ಪಡೆದ ಇಲಿಯೂ ಕಾಲು ಎತ್ತಿತು. ಆದರೆ ಮೊದಲಿನ ಹಾಗೆ ನೆಕ್ಕಿಕೊಳ್ಳಲಿಲ್ಲ. ಬಿಸಿ ತಾಕಿದ್ದು ಗೊತ್ತಾಗಿದೆ. 'ನನ್ನ ಕಾಲು ಸುಡುತ್ತಿದೆ' ಎಂಬುದು ಮಾತ್ರ ಆಗಿಲ್ಲ. ನೋವು ಬಂದಿದೆ, ಅದು ಯಾರದೂ ಅಲ್ಲ. ಆ ಹೊತ್ತಿಗೆ ಇಲಿಯ ಮಿದುಳಿನ ಹಿಂಭಾಗದ ಒಂದು ಚಿಕ್ಕ ಜಾಗದಲ್ಲಿ ಸೆಕೆಂಡಿಗೆ 1ರಿಂದ 3 ಬಾರಿ ಮಿಡಿಯುವ ಲಯ ಎದ್ದಿತ್ತು. ಔಷಧವಿಲ್ಲದೆ, ಬೆಳಕಿನ ತಂತ್ರದಿಂದ ಅದೇ ಲಯ ಎಬ್ಬಿಸಿದಾಗಲೂ ಇಲಿ ಹಾಗೇ ವರ್ತಿಸಿತು. ಅಪಸ್ಮಾರದ ಒಬ್ಬ ರೋಗಿಗೆ ಫಿಟ್ಸ್ ಬರುವ ಮುಂಚೆ ತನ್ನಿಂದ ತಾನು ಬೇರೆಯಾದ ಅನುಭವ ಆಗುತ್ತಿತ್ತು. ಆ ರೋಗಿಯ ಮಿದುಳಿನಲ್ಲೂ ಸುಮಾರು ಅದೇ ಜಾಗದಲ್ಲಿ ಅಂಥದ್ದೇ ಲಯ ಸಿಕ್ಕಿತು. 'ನಾನು' ಎಂಬುದನ್ನು ಮಿದುಳು ಕ್ಷಣಕ್ಷಣವೂ ಹೊಲಿಯುತ್ತ ಇರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ನನಗೆ ಗೊತ್ತಿಲ್ಲ.

ಇದು ಸುಮ್ನೆ ಕುತೂಹಲದ ವಿಷಯವಲ್ಲ, ಜೀವ ಉಳಿಸುವ ಗುಣ. 2018ರ ಜೂನ್‌ನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಬಿದ್ದಿದ್ದು ನೆನಪಿದೆಯಲ್ಲ. ಕೆಸರು ನೀರಿನ ಇಕ್ಕಟ್ಟಾದ ದಾರಿ. ಮುಳುಗಿ ಅಭ್ಯಾಸವಿಲ್ಲದ ಹುಡುಗ ನೀರಿನಡಿ ಗಾಬರಿಯಾಗಿ ಕೈಕಾಲು ಬಡಿದರೆ ಅವನೂ ಉಳಿಯುವುದಿಲ್ಲ, ಕರೆತರುವ ಮುಳುಗುಗಾರನೂ ಉಳಿಯುವುದಿಲ್ಲ. ಆಸ್ಟ್ರೇಲಿಯಾದ ಅರಿವಳಿಕೆ ತಜ್ಞ ರಿಚರ್ಡ್ ಹ್ಯಾರಿಸ್, ಸ್ವತಃ ಗುಹೆಗಳಲ್ಲಿ ಮುಳುಗುವವರು, ಒಬ್ಬೊಬ್ಬರಿಗೂ ಕಾಲಿಗೆ ಕೆಟಮಿನ್ ಚುಚ್ಚಿದರು. ಜೊತೆಗೆ ಭಯ ತಗ್ಗಿಸುವ ಮಾತ್ರೆ, ಜೊಲ್ಲು ಕಡಿಮೆ ಮಾಡಲು ಅಟ್ರೊಪಿನ್. ಕೆಟಮಿನ್‌ನಿಂದ ಬಾಯಲ್ಲಿ ನೀರು ತುಂಬುತ್ತದೆ, ಮಾಸ್ಕ್ ಒಳಗೆ ಅದೇ ಪ್ರಾಣಕ್ಕೆ ಕುತ್ತು. ದಾರಿಯಲ್ಲಿ ಔಷಧ ಇಳಿದಾಗ ಮುಳುಗುಗಾರರೇ ಇನ್ನೊಂದು ಚುಚ್ಚುಮದ್ದು ಕೊಟ್ಟರು. ಈ ಉಪಾಯ ಫಲಿಸುತ್ತದೆ ಎಂಬ ನಂಬಿಕೆ ಹ್ಯಾರಿಸ್‌ಗೇ ಇರಲಿಲ್ಲ. ಆದರೂ ಅಷ್ಟೂ ಜನ ಉಸಿರಾಡುತ್ತ ಹೊರಗೆ ಬಂದರು.

ವೆಂಟಿಲೇಟರ್, ಕರೆಂಟ್ ಯಾವುದೂ ನೆಚ್ಚಲಾಗದ ಆಸ್ಪತ್ರೆಗಳಿಗೆ ಕೆಟಮಿನ್ ಅಂದರೆ ಆಪರೇಷನ್ ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದು 1985ರಿಂದಲೂ ಇದೆ. 2015ರಲ್ಲಿ ಜಗತ್ತಿನಾದ್ಯಂತ ಇದಕ್ಕೆ ನಿರ್ಬಂಧ ಬೇಕೆಂದು ಚೀನಾ ಕೇಳಿದಾಗ ಆ ಸಂಸ್ಥೆ ಬೇಡ ಎಂದಿತು. ಒಳ್ಳೆಯದೇ ಆಯಿತು.

ಚೀನಾದ ಆತಂಕಕ್ಕೂ ಕಾರಣವಿತ್ತು. ಪಾರ್ಟಿಗಳಲ್ಲಿ ಇದನ್ನು ಮೂಗಿಗೆ ಏರಿಸುವವರು ಹುಡುಕುವುದು ಆ ಬೇರ್ಪಡುವಿಕೆಯನ್ನೇ. ನೋವು ತನ್ನದಲ್ಲ ಅನ್ನಿಸಿದವನಿಗೆ ಅಪಾಯವೂ ತನ್ನದಲ್ಲ ಅನ್ನಿಸುತ್ತದೆ. ಬೀಳುತ್ತಾರೆ, ಮುಳುಗುತ್ತಾರೆ. ಮದ್ಯ ಜೊತೆಗೂಡಿದರೆ ಉಸಿರೂ ನಿಲ್ಲಬಹುದು. ವರ್ಷಗಟ್ಟಲೆ ತೆಗೆದುಕೊಂಡರೆ ನೆನಪು ಕುಂದುತ್ತದೆ. ಮೂತ್ರಕೋಶ ಉರಿದು, ಕುಗ್ಗಿ, ಹಗಲು ರಾತ್ರಿ ಅರ್ಧ ಗಂಟೆಗೊಮ್ಮೆ ಏಳಬೇಕಾಗುತ್ತದೆ. ಮೂತ್ರಕೋಶವನ್ನೇ ತೆಗೆಸಿಕೊಂಡ ಚಿಕ್ಕ ವಯಸ್ಸಿನವರಿದ್ದಾರೆ.

ಇದೇ ಔಷಧ ಸಣ್ಣ ಪ್ರಮಾಣದಲ್ಲಿ, ಆಸ್ಪತ್ರೆಯ ನಿಗಾದಲ್ಲಿ, ಬೇರೆ ಮಾತ್ರೆಗಳಿಗೆ ಜಗ್ಗದ ಖಿನ್ನತೆಯನ್ನು ಗಂಟೆಗಳಲ್ಲಿ ಹಗುರ ಮಾಡಬಲ್ಲದು. ಯೇಲ್ ವಿಶ್ವವಿದ್ಯಾಲಯದವರು 2000ದಲ್ಲಿ ಬೆರಳೆಣಿಕೆಯ ರೋಗಿಗಳಲ್ಲಿ ಇದನ್ನು ಕಂಡರು. 2019ರಲ್ಲಿ ಇದರ ಒಂದು ರೂಪಕ್ಕೆ, ಮೂಗಿನ ಸ್ಪ್ರೇಯಾಗಿ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪರಿಣಾಮ ಬಹುಕಾಲ ನಿಲ್ಲುವುದಿಲ್ಲ, ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಕೆಟಮಿನ್‌ನಿಂದ ಹೊರಬರುವಾಗ ಕೆಲವರು, ಅದರಲ್ಲೂ ದೊಡ್ಡವರು, ಬೆದರಿ ಕಿರುಚುತ್ತಾರೆ. ಅದನ್ನು ತಡೆಯಲು ಮಿಡಜೊಲಾಮ್ ಎಂಬ ಮಂಪರು ತರಿಸುವ ಔಷಧ ಕೊಡುವುದುಂಟು. ಅನುಭವಿ ಅರಿವಳಿಕೆ ತಜ್ಞರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ಸಿರಿಂಜ್ ಒತ್ತುವ ಮುಂಚೆ ಥಿಯೇಟರ್‌ನಲ್ಲಿ ಸದ್ದು ಕಡಿಮೆ ಮಾಡಿಸಿ, ರೋಗಿಯ ಪಕ್ಕ ಬಗ್ಗಿ, ನಿಮಗೆ ಇಷ್ಟವಾದ ಒಂದು ಜಾಗವನ್ನು ನೆನೆಸಿಕೊಳ್ಳಿ ಎನ್ನುತ್ತಾರೆ. ಒಳಗೆ ಹೋಗುವಾಗ ಮನಸ್ಸು ಎಲ್ಲಿತ್ತೋ, ಕನಸೂ ಹೆಚ್ಚಾಗಿ ಅದೇ ದಿಕ್ಕು ಹಿಡಿಯುತ್ತದೆ.